ಇದೆಲ್ಲೀದು, ಜಯಮ್ಮ?

ನಿನ್ನೆ ಪ್ಲಾಸ್ಟಿಕ್ ಪೊಟ್ಟಣದ ಬಾಯಿ ಕತ್ತರಿಸಿದೆನೋ ಇಲ್ಲವೋ, ಅವರೆಕಾಯಿಯ ಸೊಗಡು ಮೂಗಿಗೆ ಬಂತು. ಫೋನಿನಲ್ಲಿ ತರಿಸಿದ ಕಾಯಿಗೆ ಇಷ್ಟು ಸೊಗಡೇ ಎಂದು ಪೊಟ್ಟಣವನ್ನು ತಿರುಗಿಸಿ ನೋಡಿದೆ. ಕಪ್ಪು ಚುಕ್ಕಿಗಳ ಒಂದು ಚೌಕ ಅಂಟಿಸಿದ್ದರು. ನೀವೂ ನೋಡಿರುತ್ತೀರಿ, ಈಗ ಸೇಬಿನಿಂದ ಸೊಪ್ಪಿನವರೆಗೆ ಎಲ್ಲದರ ಮೇಲೂ ಅದು ಬಂದು ಕೂತಿದೆ. ಮಾಡಲು ಬೇರೆ ಕೆಲಸವಿಲ್ಲದ ನನ್ನಂಥವಳು ಅದಕ್ಕೆ ಫೋನು ಹಿಡಿಯದೆ ಬಿಡುತ್ತಾಳೆಯೇ? ಹಿಡಿದೆ. ಮಾಗಡಿ ಕಡೆಯ ಹೊಲ, ಬೆಳೆದವರ ಹೆಸರು, ಕಾಯಿ ಕಿತ್ತ ಹೊತ್ತು, ಗಾಡಿ ಹತ್ತಿದ ಹೊತ್ತು, ಗೋದಾಮಿನಲ್ಲಿ ಇಳಿದ ಹೊತ್ತು, ಎಲ್ಲ ಸಾಲಾಗಿ ಬಂತು. ನನ್ನ ನೆಂಟರ ವಿಷಯವೂ ನನಗೆ ಇಷ್ಟು ಗೊತ್ತಿಲ್ಲ.

ಆರ್‌ಪಿಸಿ ಲೇಔಟಿನ ಈ ಎರಡನೇ ಮಹಡಿಯಲ್ಲಿ ನಾನೊಬ್ಬಳೇ ಇರುವುದು. ಗುಮಾಸ್ತೆಯಾಗಿದ್ದಾಗಲೂ ಒಬ್ಬಳೇ, ನಿವೃತ್ತಳಾದ ಮೇಲೂ ಒಬ್ಬಳೇ. ಆಫೀಸಿಗೆ ಹೋಗುತ್ತಿದ್ದಾಗ ಈ ಚೌಕದ ಕೆಲಸವನ್ನು ಜಯಮ್ಮ ಮಾಡುತ್ತಿದ್ದಳು. ಬೆಳಿಗ್ಗೆ ತರಕಾರಿಯ ತಳ್ಳುಗಾಡಿ ನಿಲ್ಲಿಸಿ ಅವಳು ಅಕ್ಕಾ ಎಂದು ಕೂಗಿದರೆ ನಾನು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದೆ. ಇಳಿಸುತ್ತಲೇ ವಿಚಾರಣೆ ಶುರು: ಇದೆಲ್ಲೀದು, ಅದೆಲ್ಲೀದು? ಟೊಮೆಟೊ ಕೋಲಾರದ್ದು, ಕ್ಯಾರೆಟ್ ಊಟಿಯದು, ಬದನೆ ರಾಮನಗರದ್ದು ಎಂದು ಅವಳು ಪಾಠ ಒಪ್ಪಿಸುತ್ತಿದ್ದಳು. ಮಳೆಗೆ ಲಾರಿ ತಡವಾಗಿದ್ದರೆ ಅದನ್ನೂ ಹೇಳುತ್ತಿದ್ದಳು. ಬಾಡಿದ ಬೀನ್ಸನ್ನು ನಾನೇ ಕೇಳಿದರೂ ಬುಟ್ಟಿಗೆ ಹಾಕುತ್ತಿರಲಿಲ್ಲ. ಆಫೀಸಿನ ಆಚೆಗೆ ದಿನಕ್ಕೊಮ್ಮೆ ನನ್ನನ್ನು ಕೂಗುತ್ತಿದ್ದವಳು ಅವಳೊಬ್ಬಳೇ. ಅದು ಆಗ ನನಗೆ ಹೊಳೆಯಲೇ ಇಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ನಾನು ಕೇಳದಿದ್ದರೂ ಬುಟ್ಟಿಯ ತುಂಬ ಅವರೆಕಾಯಿ ಸುರಿದಳು. ಇದೆಲ್ಲೀದು ಎಂದೆ.

"ನಮ್ಮೂರ್ದೇ ಕಣಕ್ಕ. ಒಂದ್ಸಲ ಕೆಳಗ್ ಬರ್ತೀರಾ?"

"ಟೈಮಾಯ್ತು ಜಯಮ್ಮ. ನಾಳೆ ಬರ್ತೀನಿ ಬಿಡು," ಎಂದು ಬುಟ್ಟಿ ಎಳೆದುಕೊಂಡೆ.

ಅವಳು ಗಾಡಿ ತಳ್ಳಿಕೊಂಡು ಹೋದಳು. ಮರುದಿನ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ವರ್ಷಗಟ್ಟಲೆ ಒಂದೊಂದು ಕಾಯಿಗೂ ಊರು ಕೇಳಿದವಳು ನಾನು, ಅವಳ ಊರು ಯಾವುದೆಂದು ಮಾತ್ರ ಕೇಳಿರಲಿಲ್ಲ.

ಬಾಪೂಜಿ ನಗರದಲ್ಲೆಲ್ಲೋ ಮನೆ ಎಂದು ಯಾವಾಗಲೋ ಹೇಳಿದ್ದು ನೆನಪಿತ್ತು. ಎರಡು ಭಾನುವಾರ ಅಲ್ಲಿ ಹೋಗಿ ಹುಡುಕಿದೆ. ಬಾಳೆಹಣ್ಣಿನ ಗಾಡಿಯವರೊಬ್ಬರು, ನೋಡೋಕೆ ಹೆಂಗಿದಾರೆ ಹೇಳಿ ಮೇಡಂ ಎಂದರು. ನನಗೆ ಗೊತ್ತಿದ್ದುದು ಅವಳ ನೆತ್ತಿ ಮಾತ್ರ. ಅಗಲವಾದ ಬೈತಲೆ, ಪಕ್ಕದಲ್ಲೊಂದು ಸುಳಿ, ಕೆಲವು ದಿನ ಕನಕಾಂಬರ. ತಲೆಯೆತ್ತಿ ಮಾತಾಡುವಾಗಲೂ ಬಿಸಿಲಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಬೀದಿಯಲ್ಲಿ ಹೆಂಗಸರ ನೆತ್ತಿ ನೋಡುತ್ತ ಓಡಾಡಿದ ನನ್ನನ್ನು ಜನ ಏನೆಂದುಕೊಂಡರೋ. ಎದುರಿಗೇ ಹಾದುಹೋಗಿದ್ದರೂ ನನಗೆ ಅವಳ ಗುರುತು ಸಿಗುತ್ತಿರಲಿಲ್ಲ. ಮನೆಗೆ ಬಂದು ಅತ್ತೆ.

ನಿನ್ನೆ ಫೋನಿನಲ್ಲಿ ಆ ಸಾಲುಗಳ ಕೊನೆಗೆ, ಬೆಳೆದವರಿಗೆ ಏನಾದರೂ ಹೇಳುವುದಿದ್ದರೆ ಬರೆಯಿರಿ ಎಂದು ಜಾಗ ಬಿಟ್ಟಿದ್ದರು. ಬೆಂಗಳೂರಿನಲ್ಲಿ ತರಕಾರಿ ಮಾರುತ್ತಿದ್ದ ಜಯಮ್ಮ ನಿಮ್ಮ ಕಡೆಯವರೇ? ಸಿಕ್ಕಿದರೆ ಎರಡನೇ ಮಹಡಿಯ ಅಕ್ಕ ಕೇಳಿದಳೆಂದು ಹೇಳಿ, ಎಂದು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ. ಅವರೆಕಾಯಿ ಸುಲಿಯುತ್ತಾ ಕೂತೆ. ಕೈಯ ಸೊಗಡು ಎಷ್ಟು ತೊಳೆದರೂ ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಬೀದಿಯಲ್ಲಿ ಸೊಪ್ಪಿನಾಕೆ ಕೂಗಿದಾಗ ಕೈ ತಾನಾಗಿ ಬುಟ್ಟಿಗೆ ಹೋಯಿತು. ಹಗ್ಗ ಬಿಚ್ಚಿಟ್ಟು, ಬುಟ್ಟಿ ಹಿಡಿದು, ಮೊಣಕಾಲಿಗೆ ಸಮಾಧಾನ ಹೇಳುತ್ತಾ ಮೆಟ್ಟಿಲಿಳಿದೆ. ಹಗ್ಗ ಕಿತ್ತೋಯ್ತಾ ಅಕ್ಕ ಎಂದು ಆಕೆ ಕೇಳಿದಳು. ಇಲ್ಲ ಎಂದೆ. ಆಕೆಯ ಮೂಗಿನ ಪಕ್ಕ ಒಂದು ಮಚ್ಚೆಯಿತ್ತು. ಎರಡು ವರ್ಷದಿಂದ ಸೊಪ್ಪು ಕೊಳ್ಳುತ್ತಿದ್ದೇನೆ, ಇವತ್ತು ಕಂಡಿತು.

ಯಾವೂರು ಎಂದು ಕೇಳಿದೆ. ಆಕೆ ಕೊತ್ತಂಬರಿಯ ಕಟ್ಟು ಎತ್ತಿ ಹಿಡಿದು, ಹೊಸಕೋಟೆ ಕಡೇದು, ಈಗ ಬಂದಿದ್ದು ಎಂದಳು.

"ಸೊಪ್ಪಿಂದಲ್ಲಮ್ಮ," ಎಂದೆ. "ನಿಮ್ದು."