ಪ್ರಿನ್ಸಿಪಾಲರ ಬಾಗಲ ಕಾಯೋ ಪರೀಕ್ಷಾ

ನಮಗ ಕಲಿಸೋ ಮ್ಯಾಡಮ್‌ಗೂ ನಂಗೂ ಮೊದಲ ದಿನದಿಂದ ಎಣ್ಣಿ-ಸೀಗಿಕಾಯಿ. ಕಲಬುರಗಿಯ ಒಂದು ಕಮ್ಯುನಿಟಿ ಕಾಲೇಜಿನಾಗ ಆಫೀಸ್ ಅಸಿಸ್ಟೆಂಟ್ ಕೋರ್ಸಿಗೆ ಸೇರಿದ್ದೆ. ಕಮಲಾಪುರದಿಂದ ಬಸ್ಸಿನಾಗ ಜೋತಾಡ್ಕೋತ ಬರೋದು, ಲೇಟ್ ಆಗೋದು, ಬಾಗಲದಾಗೇ ಬೈಸ್ಕೊಳ್ಳೋದು. ನಾ ಟೈಪ್ ಮಾಡಾಕ ಕುಂತ್ರ ಕೀಬೋರ್ಡೇ ಹೆದರ್ತಿತ್ತು. "ಇವು ಬೆರಳೋ, ನಿಮ್ಮೂರ ಕೆಂಪು ಬಾಳಿಹಣ್ಣೋ?" ಅಂತಿದ್ಲು ಆಕಿ. ಕ್ಲಾಸೆಲ್ಲಾ ನಗ್ತಿತ್ತು. ಮೊದಲು ನಗ್ತಿದ್ದವ ನಾನೇ, ಮಾನ ಉಳಿಸ್ಕೊಳ್ಳಾಕ.

ಪಾಸಾದ್ರ ಒಂದು ದವಾಖಾನ್ಯಾಗ ರಿಸೆಪ್ಷನ್ ನೌಕರಿ. ಫೇಲಾದ್ರ ಮಾಮಾನ ಬಾಳಿಹಣ್ಣಿನ ಗಾಡಿ. ಅವ್ವನ ಈ ತಮ್ಮ ನನ್ನ ಕಂಡ್ರ ಉರ್ಕೊಂಡು ಸಾಯ್ತಾನ. "ಓದಿ ಯಾವ ಊರು ಉದ್ಧಾರ ಮಾಡ್ತಿ? ಬಾ, ಗಾಡಿ ನೂಕು," ಅಂತ ನಮ್ಮ ಮನ್ಯಾಗೇ ಕುಂತು, ನಮ್ಮ ಚಾನೇ ಕುಡ್ಕೋತ ಹೇಳ್ತಿದ್ದ.

ಕಡೀ ಪರೀಕ್ಷಾ ಅಂದ್ರ ಪ್ರಿನ್ಸಿಪಾಲರ ಕೋಣಿ ಹೊರಗ ಟೇಬಲ್ ಮುಂದ ಅರ್ಧ ದಿನ ಕುಂಡ್ರೋದು. ಮ್ಯಾಡಮ್ ಮೊದಲೇ ಹೇಳಿದ್ಲು: "ಯಾರೇ ಬರ್ಲಿ, ಹೆಸರು ಕೇಳು. ಆಮ್ಯಾಗ ಕೆಲಸ. ಆಮ್ಯಾಗ ಅಪಾಯಿಂಟ್ಮೆಂಟ್. ಅದಿಲ್ಲಂದ್ರ, ಸಾಹೇಬ್ರು ಮೀಟಿಂಗ್‌ನಾಗ ಅದಾರ ಅನ್ನು. ಕುರಿಗೂ ಬರ್ತದ ಇದು."

ಕುರಿಗಿ ಬರ್ತಿತ್ತೇನೋ.

ಮೊದಲು ಬಂದವ ಶರಣಸಿರಸಗಿ ಹಳ್ಳಿಯ ಒಬ್ಬ ಮುದುಕಪ್ಪ. ಬಿಸಲಿಗಿ ಮಾರಿ ಕೆಂಡ ಆಗಿತ್ತು. ನಮ್ಮ ಮನ್ಯಾಗ ಬಂದವ್ರಿಗಿ ನೀರು ಕೊಡಲಾರ್ದ "ಯಾಕ ಬಂದ್ರಿ" ಅಂದ್ರ ಅವ್ವ ಚಪ್ಲಿ ತಗೋತಾಳ. ಹಂಗಾಗಿ ಬಾಯಾಗ ಬಂದದ್ದು, "ಬರ್ರಿ ಯಪ್ಪಾ, ಕುಂಡ್ರಿ." ಫ್ಯಾನಿನ ಕೆಳಗ ಇದ್ದದ್ದು ಒಂದೇ ಖುರ್ಚಿ, ನಂದು. ಅದ್ರಾಗೇ ಕುಂಡ್ರಿಸಿ ನೀರು ಕೊಟ್ಟೆ. ಕುಡ್ದು, "ಚಾ ಸಿಗ್ತದೇನ್ ತಮ್ಮಾ?" ಅಂದ. ನಾ ಮಹಾಶಯ ಕ್ಯಾಂಟೀನಿಗಿ ಓಡಿದೆ!

ವಾಪಸ್ ಬರೋದ್ರಾಗ ಮುದುಕಪ್ಪ ನೌಕರಿಗಿ ಸೇರಿಬಿಟ್ಟಿದ್ದ. ಫೋನ್ ಹಿಡ್ಕೊಂಡು, "ಹೂಂ, ಸಾಹೇಬ್ರು ಖಾಲಿ ಕುಂತಾರ, ಬರ್ರಿ," ಅನ್ನಾಕತ್ತಿದ್ದ. ಬಂದವ್ರಿಗೆಲ್ಲಾ, "ಹೋಗ್ರಿ ಒಳಗ, ಯಾರಿಗಿ ಅಂಜ್ತೀರಿ?" ಒಳಗ ಇನ್ಶೂರೆನ್ಸಿನವ ಒಬ್ಬ, ಚಂದಾ ಕೇಳೋ ಹುಡುಗ್ರ ದಂಡೊಂದು. ನಡುವ ಪ್ರಿನ್ಸಿಪಾಲರ ಬೋಳ್ತಲಿ ಅಷ್ಟೇ ಕಾಣ್ತಿತ್ತು.

ಮ್ಯಾಡಮ್ ಬಂದ್ಲು. ನಾ ಎರಡೂ ಕೈಯಾಗ ಚಾ ಹಿಡ್ಕೊಂಡು ನಿಂತಿದ್ದೆ.

"ಇಲ್ಲಿ ಪರೀಕ್ಷಾ ಯಾರಿಗದ? ನಿನಗಾ, ಇವ್ರಿಗಾ?"

ಮುದುಕಪ್ಪ ನನ್ನ ಪರ ನಿಂತ. "ನೀವ್ಯಾರ್ರೀ? ಏನ್ ಕೆಲಸ ಇತ್ತು?"

ಕೇಳಬೇಕಾದ ಪ್ರಶ್ನೆ ಕಡೀಗೂ ಒಬ್ರು ಕೇಳಿದ್ರು. ಮಾರ್ಕು ಮಾತ್ರ ನಂಗ ಬರ್ಲಿಲ್ಲ.

"ಫೇಲ್," ಅಂದ್ಲು ಮ್ಯಾಡಮ್. ಆಕಿ ನಗೋದು ಅವತ್ತೇ ಮೊದಲ ಸಲ ನೋಡಿದ್ದು. "ದವಾಖಾನಿ ನೌಕರಿ ಬ್ಯಾರೆದವ್ರಿಗಿ. ನೀ ಮುಂದಿನ ಬ್ಯಾಚಿನಾಗ ಮತ್ತ ಬಂದು ಕುಂಡ್ರು."

ಸಂಜೀಕ ಕಮಲಾಪುರದಾಗ ಸುದ್ದಿ ನನಗಿಂತ ಮೊದಲೇ ಬಸ್ ಇಳಿದಿತ್ತು. ಮಾಮಾ ಮೀಸಿ ತಿರುವ್ಕೋತ ನಮ್ಮ ಬಾಗಲಕ್ಕ ಬಂದ. "ಏನಲೇ ಸಾಹೇಬ, ನಾಳಿಂದ ಗಾಡಿ ನೂಕ್ತಿ ಹೌದಿಲ್ಲೋ?"

ನಾ ಅಡ್ಡ ನಿಂತೆ. "ಹೆಸರೇನ್ರೀ?"

"ಆಂ?"

"ಏನ್ ಕೆಲಸ? ಅಪಾಯಿಂಟ್ಮೆಂಟ್ ಅದ?"

"ಲೇ, ನಿಮ್ಮ ಮಾಮಾ ಇದೀನಲೇ ನಾ!"

"ಸಾಹೇಬ್ರು ಮೀಟಿಂಗ್‌ನಾಗ ಅದಾರ್ರೀ." ಬಾಗಲ ಮುಚ್ಚಿ ಚಿಲಕ ಜಡದೆ.

ಒಳಗಿಂದ ಅವ್ವ ನೀರಿನ ತಂಬಗಿ ಹಿಡ್ಕೊಂಡು ಬಂದವಳು ಅದ್ರಿಂದ್ಲೇ ನನ್ನ ತಲಿಗಿ ಒಂದು ಬಿಟ್ಲು. ಮೈಯೆಲ್ಲಾ ತೊಯ್ತು. ಆದ್ರೂ ಚಿಲಕ ತೆಗೀಲಿಲ್ಲ ನಾ. ಹೊರಗ ಮಾಮಾ ಬಾಗಲ ಬಡಿಯಾಕತ್ತಿದ್ದ. ನಾ ಒಳಗಿಂದ ಒದರಿದೆ: "ಮೊದಲು ಹೆಸರು ಹೇಳ್ರಿ!"