ಖಾಲಿ ಸಾಲು ಹುಡುಕುವ ಡೋರೀನ್

ಬೆಳಗಿನ ಐದೂಮುಕ್ಕಾಲು. ಲಿಂಕನ್ ಪಟ್ಟಣದಲ್ಲಿ ಹಿಮ ತೆಗೆಯುವ ಲಾರಿ ಬಿಟ್ಟರೆ ಬೇರೆ ಸದ್ದಿಲ್ಲ. ವಿಮಾ ಕಂಪನಿಗಳ ತೆರಿಗೆ ನೋಡುವ ಸರ್ಕಾರಿ ಕಚೇರಿಯಲ್ಲಿ ಡೋರೀನ್ ವಾಸೆಕ್ ಕೋಟನ್ನೂ ಬಿಚ್ಚದೆ ಲಕೋಟೆ ಒಡೆಯುತ್ತಿದ್ದಾರೆ. ಇಂದು ಮಾರ್ಚ್ ಒಂದು, ತೆರಿಗೆ ಪತ್ರಕ್ಕೆ ಕೊನೆಯ ದಿನ. ಅವರು ಕಾಯುತ್ತಿರುವ ಲಕೋಟೆ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ.

ಅರವತ್ತೊಂದು ವರ್ಷದ ಡೋರೀನ್‌ಗೆ ಇಪ್ಪತ್ತೇಳು ವರ್ಷದಿಂದ ಇದೇ ಕುರ್ಚಿ. ಒಂದು ವಿಮಾ ಕಂಪನಿ ಮುಳುಗಿದರೆ ಉಳಿದವರೆಲ್ಲ ವಂತಿಗೆ ಹಾಕಿ ಅದರ ಗ್ರಾಹಕರ ಪರಿಹಾರ ತೀರಿಸಬೇಕು. ಹಾಗೆ ಕೊಟ್ಟದ್ದನ್ನು ರಾಜ್ಯವು ಐದು ವರ್ಷ, ವರ್ಷಕ್ಕೆ ಐದನೇ ಒಂದು ಪಾಲಿನಂತೆ, ಅವರ ತೆರಿಗೆಯಲ್ಲಿ ಕಳೆಯುತ್ತದೆ. ಕೇಳದಿದ್ದರೆ ಆ ವರ್ಷದ ಪಾಲು ಹೋದಂತೆಯೇ. ಯಾರು ಕೇಳಿಲ್ಲ ಎಂದು ಹುಡುಕುವುದು ಡೋರೀನರ ಕೆಲಸವಲ್ಲ, ಆದರೂ ಹುಡುಕುತ್ತಾರೆ. ಸಾವಿರದ ಇನ್ನೂರು ಪತ್ರ. ಪ್ರತಿ ವಂತಿಗೆಗೂ ಒಂದು ರಟ್ಟಿನ ಚೀಟಿ, ಅದರ ಬೆನ್ನಿಗೆ ವರ್ಷಕ್ಕೊಂದರಂತೆ ಪೆನ್ಸಿಲಿನ ಐದು ಚೌಕ. ಕಂಪ್ಯೂಟರ್ ಇದೆಯಲ್ಲ ಎಂದು ವರದಿಗೆ ಬಂದ ನಾನು ಕೇಳಿದೆ. "ಅದು ಬರೆದಿದ್ದನ್ನ ಕೂಡುತ್ತೆ. ಬರೀದೇ ಬಿಟ್ಟಿದ್ದು ಅದಕ್ಕೇನು ಗೊತ್ತು?" ಎಂದು ನನ್ನ ಬಾಯಿ ಮುಚ್ಚಿಸಿದರು.

ಕಳೆದ ವರ್ಷ ಹೋಲ್ಬರ್ಗ್ ಊರಿನ ರೈತರ ವಿಮಾ ಸಂಘದ ಪತ್ರದಲ್ಲಿ ವಂತಿಗೆಯ ಪಾಲು ಕೇಳುವ ಸಾಲು ಖಾಲಿಯಿತ್ತು. ಏಳೇ ಜನರ ಕಚೇರಿ. ತೊಂಬತ್ತು ಸಾವಿರ ಡಾಲರ್ ವಂತಿಗೆ ಕೊಟ್ಟು ಸುಸ್ತಾಗಿ, ಸಂಘವನ್ನೇ ದೊಡ್ಡ ಕಂಪನಿಯೊಂದಕ್ಕೆ ಒಪ್ಪಿಸುವ ಮಾತು ನಡೆದಿತ್ತು. ಡೋರೀನ್ ಅಲ್ಲಿನ ಮ್ಯಾನೇಜರ್ ಮರ್ಲ್ ಟಾಫ್ಟ್‌ಗೆ ಫೋನ್ ಹಚ್ಚಿದರು.

"ಮರೆತಿಲ್ಲ ತಾಯಿ, ಬೇಕಂತ್ಲೇ ಬಿಟ್ವಿ," ಎಂದರಂತೆ ಮರ್ಲ್. "ಪಕ್ಕದೋನ ಕೊಟ್ಟಿಗೆ ಸುಟ್ಟಾಗ ಕೈಜೋಡಿಸಿದ ಹಾಗೆ ಅದು. ಅದನ್ನ ವಾಪಸ್ ಕೇಳೋಕೆ ನಾಚಿಕೆ ಆಗಲ್ವಾ?"

ನಮ್ಮ ಬಯಲಿನ ರೈತರು ಮಾತ್ರ ಮಾಡುವ ತಪ್ಪು ಇದು. ನನಗೆ ಸಿಟ್ಟೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಡೋರೀನ್ ಬಿಡಲಿಲ್ಲ. "ಅಲ್ಲ ಸ್ವಾಮಿ, ಕೊಟ್ಟಿಗೆ ಕಟ್ಟೋಕೆ ಹೋದಾಗ ಊಟಕ್ಕೆ ಕರೆದ್ರೆ ಉಣ್ದೇ ಎದ್ದು ಬರ್ತೀರಾ?"

ಮರ್ಲ್ ಒಪ್ಪಿಕೊಂಡರು: "ಉಣ್ತೀವಿ. ಎರಡು ಸಲ ಬಡಿಸ್ಕೋತೀವಿ."

ತಿದ್ದಿದ ಪತ್ರ ಹಿಡಿದು ಮರ್ಲ್ ಹಿಮದಲ್ಲೇ ಮೂರು ಗಂಟೆ ಗಾಡಿ ಓಡಿಸಿಕೊಂಡು ಬಂದರು. ಜೊತೆಗೆ ಹೆಂಡತಿ ಮಾಡಿದ ದಾಲ್ಚಿನ್ನಿ ಹಾಕಿದ ಸಿಹಿ ಬ್ರೆಡ್ ರೋಲ್ ಒಂದು ತಟ್ಟೆ. ಸರ್ಕಾರಿ ನೌಕರರು ಉಡುಗೊರೆ ಮುಟ್ಟುವಂತಿಲ್ಲ. ಡೋರೀನ್ ವಾಪಸ್ ಕೊಟ್ಟರು. "ವಾಸನೆ ಮಾತ್ರ ಇಟ್ಕೊಂಡೆ," ಎಂದು ನಗುತ್ತಾರೆ. ಹೊರಡುವಾಗ ಮರ್ಲ್ ಒಂದು ಮಾತು ಹೇಳಿದ್ದರು: "ಈ ವರ್ಷದ್ದಾಯ್ತು. ಮುಂದಿನ ಪಾಲು ಕೇಳೋಕೆ ಸದಸ್ಯರೆಲ್ಲ ಕೈ ಎತ್ತಿ ಒಪ್ಬೇಕು. ಎತ್ತದಿದ್ರೆ ಸಂಘ ಆ ದೊಡ್ಡ ಕಂಪನಿ ಪಾಲಾಗಿ ಮುಚ್ಚಿದ ಹಾಗೇ."

ಅದಕ್ಕೇ ಇವತ್ತಿನ ಕಾತರ. ಆರೂವರೆಯ ಹೊತ್ತಿಗೆ ರಾಶಿಯ ತಳದಲ್ಲಿ ಹೋಲ್ಬರ್ಗ್ ಲಕೋಟೆ ಸಿಗುತ್ತದೆ. ಡೋರೀನ್ ನೇರ ಆ ಸಾಲಿಗೆ ಬೆರಳಿಡುತ್ತಾರೆ. ಹದಿನೆಂಟು ಸಾವಿರ ಎಂದು ದಪ್ಪಕ್ಷರದಲ್ಲಿ ತುಂಬಿದೆ. ಒಳಗೊಂದು ಚೀಟಿಯೂ ಇದೆ: "ಎರಡನೇ ಸಲ ಬಡಿಸ್ಕೊಂಡ್ವಿ. ಏಳೂ ಜನ ಇಲ್ಲೇ ಇದ್ದೀವಿ."

ಡೋರೀನ್ ರಟ್ಟಿನ ಚೀಟಿ ಮಗುಚಿ ಎರಡನೇ ಚೌಕಕ್ಕೆ ಗುರುತು ಹಾಕುತ್ತಾರೆ. ಈಗ ಕೋಟು ಬಿಚ್ಚುತ್ತಾರೆ.

"ಇನ್ನು ಮೂರು ಚೌಕ. ಅಷ್ಟು ತುಂಬಿಸಿ ರಿಟೈರ್ ಆಗ್ತೀನಿ," ಎನ್ನುತ್ತಾರೆ. "ಆಮೇಲೆ ನಾನೇ ಹೋಲ್ಬರ್ಗ್‌ಗೆ ಹೋಗಿ ಆ ರೋಲ್ ತಿಂದ್ರೆ ಯಾವ ಕಾನೂನೂ ಅಡ್ಡ ಬರಲ್ಲ."