ಫಾದರ್ ಅವರ ನಿಲುವಂಗಿಯ ಅಳತೆ

ಮೊನ್ನೆ ಪ್ಯಾಂಟಿಗೆ ಜಿಪ್ ಹಾಕಿಸಲು ತುಮಕೂರಿನ ಮಂಡಿಪೇಟೆಗೆ ಹೋಗಿದ್ದೆ. ಅಂಗಡಿಯವನು ಆಗಷ್ಟೇ ಮಿಷನ್ನಿಗೆ ಎಣ್ಣೆ ಬಿಟ್ಟಿದ್ದ. ಆ ವಾಸನೆಗೆ ಉಪ್ಪಾರಹಳ್ಳಿಯ ನಮ್ಮ ಪಕ್ಕದ ಮನೆಯ ಟೈಲರ್ ಸಾಬರು ನೆನಪಾದರು... ಸಿನಿಮಾ ಬಗ್ಗೆ ಉದ್ದುದ್ದ ಬರೆಯುವವರನ್ನೆಲ್ಲ ಓದಿದ್ದೇನೆ. ಸಾಬರಷ್ಟು ಚೆನ್ನಾಗಿ ಸಿನಿಮಾ ನೋಡಿದವರು ಇನ್ನೊಬ್ಬರಿಲ್ಲ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಚರ್ಚಿನ ಫಾದರ್‌ಗೆ ಬಿಳಿ ನಿಲುವಂಗಿ ಹೊಲಿಯುತ್ತಿದ್ದವರು ಅವರೇ. ಖಾಯಂ ಗಿರಾಕಿಗೆ ಎರಡನೇ ಸಲ ಟೇಪು ಹಿಡಿಯುವುದೆಂದರೆ ಸಾಬರಿಗೆ ಅವಮಾನ. ಅಳತೆ ಪುಸ್ತಕದಲ್ಲಿ ಒಮ್ಮೆ ಬರೆದರೆ ಜನ್ಮಕ್ಕೆ ಅದೇ. ಇಪ್ಪತ್ತು ವರ್ಷ ಹಾಗೇ ನಡೆಯಿತು. ಆಮೇಲೆ ಫಾದರ್ ಚರ್ಚಿನ ಮೆಟ್ಟಿಲ ಮೇಲೆ ಎರಡು ಸಲ ಮುಗ್ಗರಿಸಿ ಬಿದ್ದರು, ಮಣಿಕಟ್ಟು ಮುರಿಯಿತು. ವಯಸ್ಸಾಯಿತು, ತಲೆಸುತ್ತು ಇರಬೇಕು ಅಂದರು ಎಲ್ಲರೂ. ವಿಶ್ರಾಂತಿಗೆಂದು ಬೇರೆ ಊರಿಗೆ ಕಳಿಸಿಬಿಡುವ ಮಾತೂ ಬಂತು. ಫಾದರ್‌ಗೆ ಹೋಗಲು ಇಷ್ಟವಿರಲಿಲ್ಲ.

ಅದೇ ದಿನಗಳಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಚರ್ಚಿನ ಹಾಲಿನಲ್ಲಿ ಹಳೆಯ ಕಪ್ಪು ಬಿಳುಪು ಇಂಗ್ಲಿಷ್ ಸಿನಿಮಾ ಹಾಕಿದರು. ಚಿಕ್ಕ ವಯಸ್ಸಿನಲ್ಲಿ ಹಳ್ಳಿಗೆ ಬಂದ ಪಾದ್ರಿಯೊಬ್ಬರು ಅಲ್ಲೇ ಮುದುಕರಾಗುವ ಕಥೆ. ಮಾತು ಬಿಡಿಸಿ ಹೇಳಲಿ ಅಂತ ಸಾಬರು ಕಾಲೇಜು ಓದುತ್ತಿದ್ದ ನನ್ನನ್ನು ಎಳೆದುಕೊಂಡು ಹೋದರು. ಹೋದವರು ಒಂದು ಮಾತಿನ ಅರ್ಥವನ್ನೂ ಕೇಳಲಿಲ್ಲ. ಕೊನೆಯಲ್ಲಿ ಆ ಪಾದ್ರಿ ಬೆನ್ನು ಬಾಗಿ, ಕೋಲೂರಿಕೊಂಡು ಗುಡ್ಡ ಹತ್ತುವಾಗ ನನಗೆ ಅಳು ಬಂತು. ಸಾಬರು ನನ್ನ ತೊಡೆ ತಿವಿದರು.

"ನಿಲುವಂಗಿ ಮುಂದ್ಗಡೆ ಅಂಚು ಎತ್ತಿ ಹೊಲ್ದವ್ರೆ ನೋಡ್ಲಾ."

ಅಷ್ಟು ಹೇಳಿದವರು ಆಮೇಲೆ ತೆರೆ ಬಿಟ್ಟು, ಮುಂದೆ ಕೂತಿದ್ದ ಫಾದರ್ ಅವರ ಬೆನ್ನನ್ನೇ ನೋಡತೊಡಗಿದರು...

ಲೈಟು ಹಾಕಿದ ಕೂಡಲೇ ಫಾದರ್ ಬಳಿ ಹೋಗಿ, ಅಷ್ಟು ಜನರ ಎದುರಿಗೇ ಮಂಡಿಯೂರಿ ಟೇಪು ಹಿಡಿದರು. ಬೆನ್ನು ಬಾಗಿದ್ದರಿಂದ ನಿಲುವಂಗಿಯ ಮುಂಭಾಗ ಎರಡೂವರೆ ಇಂಚು ಜಗ್ಗಿತ್ತು. ಫಾದರ್ ಎಡವುತ್ತಿದ್ದುದು ಅದನ್ನೇ.

"ತಪ್ಪು ನಂದು ಫಾದರ್. ನೀವ್ ಬಗ್ಗಿರೋದು ನಂಗ್ ಕಾಣ್ತಿತ್ತು. ಬುಕ್ಕಲ್ಲಿ ಬರ್ಕೊಳಕ್ಕೆ ಮನಸ್ ಬರ್ಲಿಲ್ಲ."

ಫಾದರ್ ನಕ್ಕರು. "ನಂಗೂ ಹೇಳಕ್ಕೆ ಮನಸ್ ಬರ್ಲಿಲ್ಲ ಸಾಬ್ರೇ."

ಹೊಸ ನಿಲುವಂಗಿಯಲ್ಲಿ ಫಾದರ್ ಇನ್ನೂ ನಾಲ್ಕು ವರ್ಷ ಆ ಮೆಟ್ಟಿಲು ಹತ್ತಿ ಇಳಿದರು. ಒಮ್ಮೆಯೂ ಬೀಳಲಿಲ್ಲ.

ಈಗ ಇಬ್ಬರೂ ಇಲ್ಲ. ಸಾಬರು ಇರಬೇಕಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ, ಈ ಯುಗಾದಿಯಲ್ಲಂತೂ ಬಹಳ ಅನ್ನಿಸಿತು. ಅಪ್ಪ ಎಷ್ಟು ಇಳಿದುಹೋಗಿದ್ದಾರೆಂದು ದಿನಾ ನೋಡುತ್ತಿದ್ದರೂ, ಅಂಗಿ ತರುವಾಗ ಅಂಗಡಿಯಲ್ಲಿ ಮೊದಲಿನ ಸೈಜೇ ಕೊಡಿ ಅಂದೆ. ಅಪ್ಪ ಹಾಕಿಕೊಂಡರು, ತೋಳು ಎರಡು ಸುತ್ತು ಮಡಚಿದರು.